ಮನೆ ಮುಂದೆ ಬಂದಾಗುತ್ತಿದ್ದ ಮೈಕು

ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಅಡ್ಡಾಗುವುದು ನಾನು ನಿವೃತ್ತಿಯಾದ ಮೇಲೆ ಕಲಿತ ಒಂದೇ ಹೊಸ ವಿದ್ಯೆ. ಪೂರ್ತಿ ನಿದ್ದೆ ಹತ್ತುವುದಿಲ್ಲ, ಪೂರ್ತಿ ಎಚ್ಚರವೂ ಇರುವುದಿಲ್ಲ. ಕಿಟಕಿಯಿಂದ ರೈಸ್ ಮಿಲ್ಲಿನ ಬಿಸಿ ತೌಡಿನ ವಾಸನೆ ಬರುತ್ತಿರುತ್ತದೆ. ಆ ಹೊತ್ತಿನಲ್ಲಿ ಎಲ್ಲೋ ದೂರದಲ್ಲಿ ಒಂದು ಧ್ವನಿ ಏಳುತ್ತದೆ. ಮೊದಲು ಮಾತು ತಿಳಿಯುವುದಿಲ್ಲ, ಬರೀ ಏರಿಳಿತ. ಬಸ್‌ಸ್ಟ್ಯಾಂಡಿನ ಕಡೆಯಿಂದ ಮಿಲ್ಲಿನ ಕಡೆಗೆ, ಮಿಲ್ಲಿನ ಕಡೆಯಿಂದ ನಮ್ಮ ಓಣಿಯ ಕಡೆಗೆ ನಿಧಾನವಾಗಿ ಬರುತ್ತದೆ. ಕಾಕಾ ಬಂದರು ಅಂದುಕೊಳ್ಳುತ್ತೇನೆ. ಆಮೇಲೆ ಕಣ್ಣು ಬಿಡುತ್ತೇನೆ. ಗಂಗಾವತಿಯ ಬೀದಿಗಳಲ್ಲಿ ಈಗ ಆ ಧ್ವನಿ ಇಲ್ಲ. ಫೋನಿನೊಳಗಿನ ಯಾವುದೋ ಹೆಣ್ಣು ಧ್ವನಿ, ಉಸಿರೇ ತಗೊಳ್ಳದ ಧ್ವನಿ, ಚಪ್ಪಲಿ ಅಂಗಡಿಯ ರಿಯಾಯಿತಿಯನ್ನು ಒದರುತ್ತ ಹೋಗುತ್ತಿರುತ್ತದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಊರಿನವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ‘ಮೈಕಿನ ಕಾಕಾ’ ಎಂದರೆ ಸಾಕು, ಮರಳಿ ಹಳ್ಳಿಯಿಂದ ಹಿಡಿದು ಆಂಧ್ರದಿಂದ ಬಂದ ರೈತರ ಕ್ಯಾಂಪುಗಳವರೆಗೆ ಎಲ್ಲರಿಗೂ ಗೊತ್ತು. ಆಟೋದ ಮೇಲೆ ಎರಡು ಭೋಂಗಾ ಕಟ್ಟಿಕೊಂಡು, ಡ್ರೈವರನ ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು, ಊರಿಗೆಲ್ಲ ಸುದ್ದಿ ಹೇಳುವುದು ಅವರ ಕೆಲಸ. ಸಿನಿಮಾ ಬದಲಾದರೆ ಅವರು ಹೇಳಬೇಕು, ಕಾಲುವೆಗೆ ನೀರು ಬಿಟ್ಟರೆ ಅವರು ಹೇಳಬೇಕು, ಕೂಸು ತಪ್ಪಿಸಿಕೊಂಡರೂ ಅವರೇ. ಅವರ ಮನೆ ನಮ್ಮ ಮನೆಯ ಎದುರು. ನಡುವೆ ಒಂದು ಗಟಾರ ಮತ್ತು ಒಂದು ಬೇವಿನ ಗಿಡ.

ಮೂಲತಃ ಯಲಬುರ್ಗಾ ಕಡೆಯ ತಳಕಲ್ಲಿನವರು. ಅವರ ಅಪ್ಪ ಬಯಲಾಟದಲ್ಲಿ ರಾಜನ ಪಾತ್ರ ಮಾಡುತ್ತಿದ್ದರಂತೆ. ಕರೆಂಟಿಲ್ಲದ ಕಾಲದಲ್ಲಿ ಕಡೆಯ ಸಾಲಿನಲ್ಲಿ ಕೂತ ಮುದುಕಿಗೂ ಕೇಳುವ ಹಾಗೆ ಮಾತಾಡಬೇಕಿತ್ತು. ಮಗನಿಗೆ ಸಿಂಹಾಸನ ಸಿಗಲಿಲ್ಲ, ಗಂಟಲು ಸಿಕ್ಕಿತು. ಗಂಗಾವತಿಗೆ ಬಂದಾಗ ಜಟಕಾ ಗಾಡಿಯಲ್ಲಿ ಕೂತು ಥಿಯೇಟರಿನ ಪ್ರಚಾರ ಮಾಡುತ್ತಿದ್ದರು. ನಾನು ಮದುವೆಯಾಗಿ ಈ ಓಣಿಗೆ ಬಂದಾಗ ಆಟೋ ಬಂದಿತ್ತು.

ನಮ್ಮ ಪರಿಚಯ ಶುರುವಾದದ್ದು ಜಗಳದಿಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಇವರು ಶಾಲೆಯ ಕಾಂಪೌಂಡಿನ ಪಕ್ಕದಲ್ಲೇ ‘ಇಂದಿನಿಂದ ಭರ್ಜರಿ ಪ್ರದರ್ಶನ’ ಎಂದು ಕೂಗುತ್ತ ಬಂದರು. ನಾನು ಗೇಟಿಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಆಗ ನನ್ನ ನಾಲಿಗೆಗೆ ಈಗಿನಷ್ಟೂ ಲಗಾಮು ಇರಲಿಲ್ಲ. ಅವರು ಮೈಕು ಬಂದ್ ಮಾಡಿ ಆಟೋದಿಂದ ಇಳಿದರು.

“ತಪ್ಪಾತು ಟೀಚರಮ್ಮ. ಎಂದೆಂದ ಪರೀಕ್ಷೆ ಅದಾವು ಹೇಳ್ರಿ, ಆ ದಿನ ಈ ಕಡೆ ತಿರಗೂದಿಲ್ಲ” ಅಂದರು.

ನಾನು ಸಿಟ್ಟಿನಲ್ಲೇ ಹೇಳಿದೆ. ಮುಂದಿನ ವರ್ಷ ಅವರಾಗಿಯೇ ಮನೆಗೆ ಬಂದು ಕೇಳಿದರು. ಅದರ ಮುಂದಿನ ವರ್ಷ, ನಮ್ಮ ಶಾಲೆಗೆ ಕಾಗದ ಬರುವ ಮೊದಲೇ ಪರೀಕ್ಷೆಯ ದಿನ ಅವರಿಗೆ ಗೊತ್ತಿತ್ತು. ಯಾರಿಂದ ಗೊತ್ತಾಯಿತು ಅಂದರೆ, “ನಮ್ಮಾಕಿ ಅದಾಳಲ್ರಿ” ಎಂದು ನಕ್ಕರು.

ನಮ್ಮಾಕಿ ಅಂದರೆ ಅವರ ಹೆಂಡತಿ. ಓಣಿಗೆಲ್ಲ ಕಾಕು. ಕುಳ್ಳಗೆ, ದುಂಡಗೆ, ಯಾವಾಗಲೂ ಸೆರಗಿನಿಂದ ಮೂಗಿನ ಬೆವರು ಒರೆಸಿಕೊಳ್ಳುತ್ತ ಇರುವ ಹೆಂಗಸು. ಬೆಳಿಗ್ಗೆ ಹಾಲಿನವಳು, ಹೂವಿನವಳು, ಕಾಯಿಪಲ್ಲೆ ಗಾಡಿಯವನು, ಯಾರು ಬಂದರೂ ಕಾಕು ಅವರನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳದೆ ಬಿಡುತ್ತಿರಲಿಲ್ಲ. ಹರಟೆಯ ಹುಚ್ಚು ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಒಮ್ಮೆ ಅವರ ಮನೆಯಲ್ಲಿ ಬೆಳಗಿನ ಚಹಾ ಕುಡಿಯುವಾಗ ಅರ್ಥವಾಯಿತು. ಕಾಕಾ ಶರ್ಟು ಹಾಕಿಕೊಳ್ಳುತ್ತಿದ್ದರು, ಕಾಕು ರೊಟ್ಟಿ ತಟ್ಟುತ್ತ ಹೇಳುತ್ತಿದ್ದರು.

“ಮಿಲ್ಲಿನ ಹಿಂದ ಶೆಟ್ಟರ ಮುದುಕಪ್ಪ ತೀರಿಕೊಂಡಾನಂತ. ಬಡಗ್ಯಾರ ಮನ್ಯಾಗ ಬಾಣಂತಿ ಅದಾಳ, ಕೂಸು ಮಲಗಂಗಿಲ್ಲಂತ. ಪೋಸ್ಟ್ ಆಫೀಸಿನ ಓಣ್ಯಾಗ ಆ ಹುಡುಗಿಗೆ ಜ್ವರ ಇನ್ನೂ ಇಳಿದಿಲ್ಲ, ಅಲ್ಲೆ ಸಣ್ಣಗ ಹೇಳ್ರಿ.”

“ಹೂಂ” ಎನ್ನುತ್ತ ಕಾಕಾ ಗುಂಡಿ ಹಾಕಿಕೊಳ್ಳುತ್ತಿದ್ದರು.

ಸಾವಾದ ಮನೆಯ ಮುಂದೆ ಮೈಕು ಬಂದ್. ಇದು ಅವರ ಪದ್ಧತಿ. ಅತ್ತ ಹತ್ತು ಮನೆ, ಇತ್ತ ಹತ್ತು ಮನೆ ಭೋಂಗಾ ಸುಮ್ಮನಿರುತ್ತಿತ್ತು. ಆಟೋದ ಸಪ್ಪಳ ಮಾತ್ರ. ಆ ಮನೆಯ ಮುಂದೆ ಬಂದಾಗ ಅವರು ಒಳಗಿನಿಂದಲೇ ಕೈ ಮುಗಿಯುತ್ತಿದ್ದರು. ಬಾಣಂತಿಯ ಮನೆಯ ಮುಂದೆ ಧ್ವನಿ ಇಳಿಯುತ್ತಿತ್ತು. ಹುಡುಗರು ಓದುವ ಮನೆ, ಬೇನೆಯವರಿರುವ ಮನೆ, ಎಲ್ಲಕ್ಕೂ ಒಂದೊಂದು ಲೆಕ್ಕ. ಕ್ಯಾಂಪಿಗೆ ಹೋದರೆ ನಡುನಡುವೆ ನಾಲ್ಕು ತೆಲುಗು ಮಾತು ಸೇರಿಸುತ್ತಿದ್ದರು. ಹೀಗಾಗಿ ಒಂದೇ ಸುದ್ದಿಯನ್ನು ಅವರು ಊರೆಲ್ಲ ಹೇಳಿದರೂ ಪ್ರತಿ ಓಣಿಯವರಿಗೂ ಅದು ತಮಗೇ ಹೇಳಿದಂತೆ ಕೇಳುತ್ತಿತ್ತು. ಹೆಂಗಸರು ಒಗೆಯುವುದು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಹುಡುಗರು ಹ್ಯಾಂಡ್‌ಬಿಲ್ಲಿಗಾಗಿ ಆಟೋದ ಹಿಂದೆ ಓಡುತ್ತಿದ್ದರು.

ತಮ್ಮ ಸ್ವಂತ ಮನೆಯ ಮುಂದೆಯೂ ಅವರು ಮೈಕು ಬಂದ್ ಮಾಡುತ್ತಿದ್ದರು. ಸಾವಿಲ್ಲ, ಬೇನೆಯಿಲ್ಲ, ಆದರೂ ಬಂದ್. ನಾನು ಕೇಳಿದ್ದೆ. “ಮನಿ ಮುಂದ ಏನ್ ಒದರೋದ್ರಿ, ಒಳಗ ಹೋದ್ರ ಹೇಳಾಕ ಬರ್ತೈತಿ” ಅಂದರು. ಹೆಂಡತಿಯ ಮುಂದೆ ‘ಆತ್ಮೀಯ ನಾಗರಿಕರೇ’ ಎನ್ನಲು ಅವರಿಗೆ ನಾಚಿಕೆ. ಕಾಕು ಇದನ್ನು ಹೇಳಿ ಹೇಳಿ ನಗುತ್ತಿದ್ದರು. “ಊರಿಗೆಲ್ಲ ಸಿನಿಮಾ ಹೇಳ್ತಾರ, ನಂಗೊಬ್ಬಾಕಿಗೆ ಹೇಳಂಗಿಲ್ಲ.”

ಆಮೇಲಿನ ಹತ್ತು ವರ್ಷ ಹೇಗೆ ಹೋದವು ಎಂದು ನನಗೆ ಸರಿಯಾಗಿ ಹೇಳಲಾಗದು. ಒಂದು ದಿನ ಎದ್ದು ನೋಡಿದರೆ ಎಲ್ಲರ ಕೈಯಲ್ಲಿ ಫೋನು ಇತ್ತು. ಮೊದಲು ಮಿಲ್ಲಿನ ಮಾಲೀಕರ ಮಕ್ಕಳ ಕೈಯಲ್ಲಿ, ಆಮೇಲೆ ನಾಟಿಗೆ ಹೋಗುವ ಹೆಂಗಸರ ಸೊಂಟದ ಚೀಲದಲ್ಲಿ, ಕಡೆಗೆ ನಮ್ಮ ಹೂವಿನವಳ ಬುಟ್ಟಿಯಲ್ಲಿ ಮಲ್ಲಿಗೆಯ ಕೆಳಗೆ. ಥಿಯೇಟರು ಕಲ್ಯಾಣ ಮಂಟಪವಾಯಿತು. ತಪ್ಪಿಸಿಕೊಂಡ ಕೂಸಿನ ಫೋಟೋ ಕೂಸು ಸಿಕ್ಕ ಮೇಲೂ ವಾಟ್ಸಾಪಿನಲ್ಲಿ ವರ್ಷಗಟ್ಟಲೆ ಸುತ್ತತೊಡಗಿತು. ನನ್ನ ಕ್ಲಾಸಿನ ಹುಡುಗಿಯರು ಸ್ಕೂಟಿ ಓಡಿಸುತ್ತ ಬಂದು “ಮಿಸ್, ಹತ್ರಿ” ಎಂದರು, ನಾನು ಹೆದರುತ್ತಲೇ ಹತ್ತಿದೆ. ಅದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನನಗೂ ಫೋನು ಬೇಕೇ ಬೇಕು, ಅದಿಲ್ಲದೆ ಮೊಮ್ಮಗಳ ಮುಖ ಕಾಣುವುದಿಲ್ಲ. ಆದರೆ ಬಾಗಿಲಿಗೆ ಬಂದು ನಿಲ್ಲುವವರು ಕಡಿಮೆಯಾದರು. ಆಟೋ ಹೋದ ಮೇಲೆ ಓಣಿಯಲ್ಲಿ ಯಾರೂ ಯಾರನ್ನೂ “ಏನಂತ ಹೇಳಿದಾ?” ಎಂದು ಕೇಳುತ್ತಿರಲಿಲ್ಲ.

ಕಾಕಾ ಇದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಸಿನಿಮಾ ಹೋದರೆ ಮೊಬೈಲ್ ಅಂಗಡಿಯ ಉದ್ಘಾಟನೆ ಬಂತು, ಕೋಚಿಂಗ್ ಕ್ಲಾಸು ಬಂತು, ಕುಡಿಯುವ ನೀರಿನ ಘಟಕ ಬಂತು. ತಮ್ಮ ಕೆಲಸವನ್ನು ತಿನ್ನುತ್ತಿರುವ ಫೋನನ್ನು ಅವರೇ ಊರೆಲ್ಲ ಹೊಗಳುತ್ತ ತಿರುಗಿದರು. ನಾನು ಚುಚ್ಚಿದರೆ, “ಇರಲಿ ಬಿಡ್ರಿ, ಅದೂ ನಮ್ಮ ಬಾಯಿಲೆ ಹೇಳಿಸಿಕೊಂಡು ಒಳಗ ಬಂತು” ಅಂದರು.

ಕೊರೊನಾ ಬಂದಾಗ ಊರು ಮತ್ತೆ ಅವರ ಬಾಯಿಗೆ ಬಂತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮಿಲ್ಲು ನಿಂತಿತ್ತು, ಮೊದಲ ಸಲ ನಮ್ಮ ಓಣಿಯಲ್ಲಿ ತೌಡಿನ ವಾಸನೆ ಇರಲಿಲ್ಲ. ಆ ಖಾಲಿ ಬೀದಿಗಳಲ್ಲಿ ಅವರ ಧ್ವನಿಯೊಂದೇ ಓಡಾಡುತ್ತಿತ್ತು. ಮನೆಯೊಳಗೇ ಇರಿ, ಮಾಸ್ಕ್ ಹಾಕಿಕೊಳ್ಳಿ, ಹೆದರಬೇಡಿ. ‘ಹೆದರಬೇಡಿ’ ಎನ್ನುವಾಗ ಅವರು ಮೈಕಿನ ಭಾಷೆ ಬಿಟ್ಟು “ಹೆದರಬ್ಯಾಡ್ರಿ, ಹೋಗ್ತೈತಿ ಇದು” ಎನ್ನುತ್ತಿದ್ದರು. ನಾನು ಕಿಟಕಿಯ ಹತ್ತಿರ ಕೂತು ಅದೊಂದು ಮಾತಿಗೆ ಕಾಯುತ್ತಿದ್ದೆ. ಎರಡನೆಯ ವರ್ಷ ಬೇಸಿಗೆಯಲ್ಲಿ ಸಾವು ಹೆಚ್ಚಾದಾಗ ಮೈಕು ಎಲ್ಲೆಲ್ಲಿ ಬಂದ್ ಮಾಡುವುದು ಎಂಬುದೇ ಅವರಿಗೆ ತಿಳಿಯದಾಯಿತು. ಕೆಲವು ದಿನ ಇಡೀ ಓಣಿಗೆ ಓಣಿಯನ್ನೇ ಸುಮ್ಮನೆ ದಾಟುತ್ತಿದ್ದರು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು.

ಅದಾದ ಮೇಲೆ ಗಂಟಲು ಹಿಡಿಯಿತು. ಮೊದಲು ಒಡಕು, ಆಮೇಲೆ ನೋವು, ಆಮೇಲೆ ಹುಬ್ಬಳ್ಳಿಯ ಡಾಕ್ಟರು. ಆಪರೇಶನ್ ಮಾಡಲೇಬೇಕು, ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಹೋಗಬಹುದು, ಸ್ವಲ್ಪ ಉಳಿದರೂ ಉಳಿಯಬಹುದು ಎಂದರು. ಕುಷ್ಟಗಿಯಲ್ಲಿ ಕೊಟ್ಟ ಮಗಳು ಓಡಿ ಬಂದು ಅತ್ತಳು. ಕಾಕಾ ಅವಳನ್ನು ಸಮಾಧಾನ ಮಾಡಿದರು. ಕಾಕು ಎಂದಿನಂತೆ ರೊಟ್ಟಿ ತಟ್ಟುತ್ತಿದ್ದರು, ಆದರೆ ಅಂದು ರೊಟ್ಟಿ ಕರಕಾಗುತ್ತಿದ್ದವು.

ಮೈಕು, ಭೋಂಗಾ ಬಾಡಿಗೆಗೆ ಕೊಡುವ ಸೌಂಡ್ ಅಂಗಡಿಯವನು ಒಂದು ಉಪಾಯ ತಂದ. ಆಪರೇಶನ್ನಿಗೆ ಮೊದಲೇ ಕಾಕಾನ ಧ್ವನಿಯನ್ನು ತುಂಬಿಸಿಕೊಂಡು ಇಡುವುದು. ಪೂರ್ತಿ ಜಾಹೀರಾತಲ್ಲ, ಬಿಡಿ ಬಿಡಿ ಮಾತು. ವಾರದ ಹೆಸರು, ತಿಂಗಳ ಹೆಸರು, ಓಣಿಯ ಹೆಸರು, ಸಾಮಾನಿನ ಹೆಸರು. ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದದ್ದನ್ನು ಜೋಡಿಸಿಕೊಂಡರೆ ಯಾವ ಸುದ್ದಿಯಾದರೂ ಕಾಕಾನ ಬಾಯಿಂದ ಬರುತ್ತದೆ. ಕಾಕಾ ಒಪ್ಪಿದರು. ಮಾತು ಹೊಂದಿಸಿಕೊಡಲು ನನ್ನನ್ನು ಕರೆದರು, ಕನ್ನಡ ಟೀಚರಲ್ಲವೇ.

ಆ ದಿನ ನೆನಪಾದರೆ ನನಗೆ ಈಗಲೂ ಕನಸು ಕಂಡಂತಾಗುತ್ತದೆ. ಅಂಗಡಿಯ ಹಿಂದಿನ ಕೋಣೆ. ಹೊರಗಿನ ಸಪ್ಪಳ ಬರಬಾರದೆಂದು ಗೋಡೆಗೆಲ್ಲ ಗಾದಿ ಆನಿಸಿದ್ದರು. ಒಳಗೆ ಹತ್ತಿಯ ಮೌನ. ಮುಂದೆ ಈ ಊರಿಗೆ ಏನೇನು ಹೇಳಬೇಕಾಗಬಹುದು ಎಂದು ನಾವಿಬ್ಬರೂ ಕೂತು ಯೋಚಿಸಿದೆವು. ಅಕ್ಕಿ, ಸೀರೆ, ಸ್ಟೀಲ್ ಪಾತ್ರೆ, ಶಾಲಾ ಪ್ರವೇಶ, ಕರೆಂಟು ಇರುವುದಿಲ್ಲ, ನಲ್ಲಿ ನೀರು ಬರುವುದಿಲ್ಲ, ಕಾಲುವೆಗೆ ನೀರು ಬಿಡಲಾಗಿದೆ. ನಾನು ಒಂದೊಂದು ಮಾತು ಹೇಳುವುದು, ಅವರು ಕಣ್ಣು ಮುಚ್ಚಿ ಉಸಿರು ತಗೊಂಡು ಅದನ್ನು ನುಡಿಯುವುದು. ಒಡಕು ಗಂಟಲಿನಲ್ಲೂ ಸೋಮವಾರ ಅನ್ನುವುದು ಸೋಮವಾರದ ಹಾಗೆ ಕೇಳುತ್ತಿತ್ತು. ನಡುನಡುವೆ ಬಿಸಿ ನೀರು ಕುಡಿಯುತ್ತಿದ್ದರು. ಒಂದು ಊರಿನ ಬರುವ ದಿನಗಳನ್ನೆಲ್ಲ ಒಬ್ಬ ಮನುಷ್ಯ ಒಂದು ಗಾದಿಯ ಕೋಣೆಯಲ್ಲಿ ಕೂತು ಮುಂಚೆಯೇ ಹೇಳಿ ಮುಗಿಸುತ್ತಿದ್ದಾನೆ ಅನ್ನಿಸಿತು ನನಗೆ.

ಒಂದು ಕಡೆ ಮಾತ್ರ ಅವರು ತಡೆದರು. ಅಂಗಡಿಯವನು “ಕಾಕಾ, ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ, ಇದೊಂದ್ ಹೇಳಿಬಿಡ್ರಿ” ಅಂದ.

“ಅದ್ ಬ್ಯಾಡ.”

“ಭಾಳ ಬೇಕಾಗ್ತೈತಿ ಕಾಕಾ ಅದು.”

“ಬ್ಯಾಡಂದ್ರ ಬ್ಯಾಡ ತಮ್ಮಾ. ಸಾವಿನ ಸುದ್ದಿ ಆ ಮನಿಯವ್ರ ಮಾರಿ ನೋಡಿ ಬಂದು ಹೇಳೂದು. ಯಾರೂ ಸಾಯೂಕಿಂತ ಮೊದ್ಲ ಹೇಳಿ ಇಟ್ಟು ಹೋಗಾಕ ನನ್ ಕಡಿಂದ ಆಗಂಗಿಲ್ಲ.”

ಎಲ್ಲ ಮುಗಿದು ಎದ್ದಾಗ, ಬಾಗಿಲ ಹೊರಗೆ ಅಷ್ಟು ಹೊತ್ತೂ ಬಿಸಿ ನೀರಿನ ಥರ್ಮಾಸ್ ಹಿಡಿದು ಕೂತಿದ್ದ ಕಾಕು ಒಳಗೆ ಬಂದರು. ಗಾದಿಯನ್ನು ಮುಟ್ಟಿ ನೋಡಿದರು. ಆಮೇಲೆ ಗಂಡನ ಮುಖ ನೋಡದೆ ಅಂದರು:

“ಮನಿಗೂ ಒಂದ್ ಮಾತು ಹೇಳಿಡ್ರಲ್ಲ ಅದರಾಗ.”

ಕಾಕಾ ನಕ್ಕುಬಿಟ್ಟರು. ಕಿವಿ ಕೆಂಪಾಗಿದ್ದವು. “ಇವ್ರೆಲ್ಲರ ಮುಂದ ಮಶೀನಿನ್ಯಾಗ ನಿಂಗ ಏನ್ ಹೇಳ್ಲೆ? ಸ್ವಲ್ಪರ ಮಾತ್ ಉಳೀತಾವು ಅಂದಾರ ಡಾಕ್ಟರ್. ಉಳಿದದ್ದೆಲ್ಲ ನಿಂದ, ನಡಿ.”

ಏನೂ ಉಳಿಯಲಿಲ್ಲ. ಆಪರೇಶನ್ ಚೆನ್ನಾಗಿ ಆಯಿತು, ಜೀವಕ್ಕೆ ಭಯವಿರಲಿಲ್ಲ, ಡಾಕ್ಟರು ಹೇಳಿದ್ದೆಲ್ಲ ನಿಜವಾಯಿತು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ ಕಾಕಾನಿಗೆ ಗಾಳಿ ಬರುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಊರಿಗೆಲ್ಲ ಬೇಕಾಗುವಷ್ಟು ಮಾತು ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಕಾಕುಗೆ ಒಂದು ಮಾತೂ ಇರಲಿಲ್ಲ.

ಅವರು ಇನ್ನೂ ಹಾಸಿಗೆಯಲ್ಲಿದ್ದಾಗಲೇ ಅವರ ಧ್ವನಿ ಕೆಲಸಕ್ಕೆ ಹೋಗತೊಡಗಿತು. ಆಟೋ ಹನುಮಂತನದು, ಹಿಂದಿನಿಂದಲೂ ಕಾಕಾನ ಜೊತೆ ಇದ್ದವನು, ಆ ದುಡಿಮೆಯಲ್ಲೇ ತನ್ನ ಮಗಳ ಮದುವೆ ಮಾಡಿದ ಮನುಷ್ಯ. ಈಗ ಹಿಂದಿನ ಸೀಟು ಖಾಲಿ. ಪೆನ್‌ಡ್ರೈವ್ ಹಾಕಿ ಬಟನ್ ಒತ್ತಿದರೆ ಸಂಜೆಯವರೆಗೆ ಅದೇ ಮಾತು; ಕಾಕಾ ಮಲಗಿದ್ದ ನಮ್ಮ ಓಣಿಯಲ್ಲಿ ಮಾತ್ರ ಅವನು ಬಂದ್ ಮಾಡಿಕೊಂಡು ದಾಟುತ್ತಿದ್ದ. ಮೊದಲ ವಾರವೇ ಮಿಲ್ಲಿನ ಹಿಂದಿನ ಓಣಿಯಲ್ಲಿ ಶೆಟ್ಟರ ಮನೆಯ ಮುದುಕಮ್ಮ ಎಂದಿನಂತೆ ಮಜ್ಜಿಗೆಯ ಗ್ಲಾಸು ಹಿಡಿದು ಬಂದಳಂತೆ. ಬಿಸಿಲಲ್ಲಿ ಕಾಕಾ ಬಂದರೆ ಮಜ್ಜಿಗೆ ಕೊಡುವುದು ಅವಳ ರೂಢಿ. ಧ್ವನಿ ಕೇಳಿದ ಮೇಲೆ ಮನುಷ್ಯ ಇರಲೇಬೇಕಲ್ಲ. ಹಿಂದಿನ ಸೀಟಿಗೆ ಗ್ಲಾಸು ಚಾಚಿ, ಅಲ್ಲಿ ಯಾರೂ ಇಲ್ಲದ್ದು ನೋಡಿ, “ಎಲ್ಲದಾನೋ ಇವ?” ಎಂದು ಆಟೋದ ಸುತ್ತ ಒಂದು ಸುತ್ತು ಬಂದಳಂತೆ. ಮೇಲೆ ಕಾಕಾ ಬೆಡ್‌ಶೀಟಿನ ದರ ಹೇಳುತ್ತಲೇ ಇದ್ದರು. ಮಜ್ಜಿಗೆ ಹನುಮಂತ ಕುಡಿದ. “ಗಂಟಲಾಗ ಇಳಿಲಿಲ್ರಿ ಅಕ್ಕೋರ” ಎಂದು ನನ್ನ ಮುಂದೆ ಹೇಳಿದ.

ಅದು ನಗುವ ಸಂಗತಿ. ಇನ್ನೊಂದು ನಗುವಂಥದ್ದಲ್ಲ. ಪೋಸ್ಟ್ ಆಫೀಸಿನ ಓಣಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ತೀರಿಕೊಂಡಿದ್ದಳು. ಹನುಮಂತನಿಗೆ ಗೊತ್ತಿರಲಿಲ್ಲ, ಅವನಿಗೆ ಹೇಳಲು ಕಾಕು ಇರಲಿಲ್ಲ, ಅವರು ಗಂಡನ ಆರೈಕೆಯಲ್ಲಿದ್ದರು. ತಾಯಿಯ ಹೆಣದ ಮುಂದೆ ಮಕ್ಕಳು ಅಳುತ್ತ ಕೂತಿದ್ದಾಗ ಕಾಕಾನ ಧ್ವನಿ ಬಂದು, “ಅಕ್ಕಂದಿರೇ, ತಾಯಂದಿರೇ, ಇಂದೇ ಕೊನೆಯ ದಿನ, ತಪ್ಪದೇ ಬನ್ನಿ” ಎಂದಿತು. ಸೀರೆ ಮಾರಾಟದ್ದು. ಆ ಮನೆಯವರಿಗೆ ಆಪರೇಶನ್ನಿನ ಸುದ್ದಿ ತಿಳಿದಿರಲಿಲ್ಲ. ಸಂಜೆ ಆ ಹೆಂಗಸಿನ ಮೈದುನ ಕಾಕಾನ ಮನೆಯ ಬಾಗಿಲಿಗೆ ಬಂದು ನಿಂತ.

“ಮಂದಿ ಹೆಂಗರ ಇರ್ಲಿ ಕಾಕಾ, ನೀವ್ ಹಿಂಗ ಮಾಡ್ತೀರಿ ಅಂದ್ಕೊಂಡಿರಲಿಲ್ಲ” ಅಂದ.

ಕಾಕಾ ಬಾಯಿ ತೆರೆದರು. ಗಾಳಿ ಬಂತು. ಕುತ್ತಿಗೆಯ ಬಟ್ಟೆ ತೋರಿಸಿದರು, ಕೈ ಮುಗಿದರು. ಅವನಿಗೆ ಆಗ ಅರ್ಥವಾಯಿತು, ಅವನೂ ಕೈ ಮುಗಿದು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಕಾಕು ಅವನಿಗೆ ಚಹಾ ಕೊಟ್ಟರು.

ಮರುದಿನ ಬೆಳಿಗ್ಗೆ ಕಾಕಾ ಶರ್ಟು ಹಾಕಿಕೊಂಡು ಹನುಮಂತನ ಆಟೋ ಹತ್ತಿದರು. ಮಗಳು ಬೇಡವೆಂದಳು, ನಾನು ಬೈದೆ, ಹನುಮಂತ ಕಾಲು ಹಿಡಿದ. ಕೇಳಲಿಲ್ಲ. ಈಗ ಹಿಂದಿನ ಸೀಟಿನಲ್ಲಲ್ಲ, ಮುಂದೆ, ಹನುಮಂತನ ಪಕ್ಕದಲ್ಲಿ, ಬಟನ್ನಿನ ಮೇಲೆ ಬೆರಳಿಟ್ಟುಕೊಂಡು. ಕಾಕು ಮತ್ತೆ ಹಾಲಿನವಳನ್ನು, ಹೂವಿನವಳನ್ನು ನಿಲ್ಲಿಸಿ ಕೇಳತೊಡಗಿದರು. ಮತ್ತೆ ರೊಟ್ಟಿ ತಟ್ಟುತ್ತ ಹೇಳತೊಡಗಿದರು. ಕಾಕಾ “ಹೂಂ” ಎನ್ನುವ ಬದಲು ತಲೆ ಆಡಿಸುತ್ತಿದ್ದರು.

ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಬಿಳಿ ಶರ್ಟಿನ ಮೂಕ ಮನುಷ್ಯ, ತಲೆಯ ಮೇಲೆ ತನ್ನದೇ ಧ್ವನಿ ಮೊಳಗುತ್ತಿದೆ, ಆತ ಬಾಗಿಲುಗಳನ್ನು ನೋಡುತ್ತ ಕೂತಿದ್ದಾನೆ. ಬಾಗಿಲ ಮುಂದೆ ಬೆಂಕಿಯ ಹೊಗೆ ಕಂಡರೆ, ಚಪ್ಪಲಿಗಳ ರಾಶಿ ಕಂಡರೆ ಬೆರಳು ಒತ್ತುತ್ತದೆ, ಧ್ವನಿ ನಿಲ್ಲುತ್ತದೆ. ಊರಿಗೆ ಮಾತಾಡುವ ಕೆಲಸ ಹೋಯಿತು, ಸುಮ್ಮನಾಗುವ ಕೆಲಸವೊಂದು ಅವರಿಗೆ ಉಳಿಯಿತು. ಅದನ್ನು ಅವರು ಮೊದಲಿನಷ್ಟೇ ಶ್ರದ್ಧೆಯಿಂದ ಮಾಡಿದರು. ನನಗೆ ಅವರ ಮೇಲೆ ಇದ್ದ ಗೌರವ ದೊಡ್ಡದು, ಅಂದಿನಿಂದ ಅದು ಪ್ರೀತಿಯೇ ಆಯಿತು.

ಸ್ವಂತ ಮನೆಯ ಮುಂದೆ ಈಗಲೂ ಬಂದ್ ಮಾಡುತ್ತಿದ್ದರು. ಬೇವಿನ ಗಿಡ ಬಂತೆಂದರೆ ಧ್ವನಿ ನಿಲ್ಲುತ್ತಿತ್ತು, ಓಣಿಯ ತಿರುವು ದಾಟಿದ ಮೇಲೆ ಮತ್ತೆ ಏಳುತ್ತಿತ್ತು. ಹಿಂದಿನಂತೆ ನಗುತ್ತ ಅಲ್ಲ. ತಲೆ ತಗ್ಗಿಸಿಕೊಂಡು.

ಒಂದು ದಿನ ನಾನು ಬ್ಯಾಂಕಿಗೆ ಹೊರಟಾಗ ಮಿಲ್ಲಿನ ಮೂಲೆಯಲ್ಲಿ ಕಾಕು ಕಂಡರು. ಕಾಯಿಪಲ್ಲೆ ಗಾಡಿಯ ಪಕ್ಕದಲ್ಲಿ ನಿಂತು ಮೆಂತ್ಯದ ಸೂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ ನನ್ನೆದುರೇ ಮೆಂತ್ಯ ಕೊಂಡಿದ್ದರು. ಹನುಮಂತನ ಆಟೋ ಆ ಕಡೆಯ ರಸ್ತೆಯಲ್ಲಿ ಹೋಗುತ್ತಿತ್ತು, ಕಾಕಾನ ಧ್ವನಿ ಶಾಲಾ ಪ್ರವೇಶದ ಬಗ್ಗೆ ಹೇಳುತ್ತಿತ್ತು. ಕಾಕು ಅಲ್ಲಾಡದೆ ನಿಂತಿದ್ದರು. ಧ್ವನಿ ದೂರವಾದ ಮೇಲೆ ಸೂಡು ಇಟ್ಟರು. ತಿರುಗಿದರೆ ನಾನು.

“ದಿನಾ ಬರ್ತೀರೇನ್ರಿ ಕಾಕು?” ಅಂದೆ.

ಸೆರಗಿನಿಂದ ಮೂಗು ಒರೆಸಿಕೊಂಡರು. “ಮನಿ ಮುಂದ ಬಂದ್ ಮಾಡ್ತಾರಲ್ಲವ್ವಾ. ಮೂಕ ಆಗಿ ಕುಂತು ಹೆಂಡ್ತಿ ಮುಂದ ಹಂಗ ಒದರಿಸಿಕೋತ ಹೋದ್ರ ಆಕಿಗೆ ಕೆಟ್ಟ ಅನಿಸ್ತೈತಿ ಅಂತ ತಿಳದಾರ. ನಂಗೇನ್ ಕೆಟ್ಟ ಅನಸಂಗಿಲ್ಲ. ಬೆಡ್‌ಶೀಟ್ ಆದ್ರೇನು, ಸಾಲಿ ಆದ್ರೇನು, ಅವ್ರ ದನಿ ಅಲ್ಲೇನು.”

“ಹಂಗಂತ ಅವ್ರಿಗೆ ಹೇಳ್ರಿ.”

“ಈ ವಯಸ್ಸಿನ್ಯಾಗ? ನಿಮ್ ದನಿ ಕೇಳಬೇಕು ಅನಿಸ್ತೈತಿ ಅಂತ? ಹೋಗವ್ವಾ, ನಾಚಿಕಿ ಬರ್ತೈತಿ.”

“ನಾನ್ ಹೇಳ್ಲೇನು?”

“ನೀ ಹೇಳಿದ್ರ ನಾ ನಿನ್ ಮಾತಾಡ್ಸಂಗಿಲ್ಲ ನೋಡು” ಎಂದು ಗಟ್ಟಿಯಾಗಿಯೇ ಹೇಳಿ ಮನೆಯ ಕಡೆ ನಡೆದರು.

ನಾನು ಹೇಳಲಿಲ್ಲ. ಗಂಡ ಹೆಂಡಿರ ನಡುವಿನ ನಾಚಿಕೆಯಲ್ಲಿ ಕೈ ಹಾಕಲು ಎಂಥ ಟೀಚರಿಗೂ ಅಧಿಕಾರವಿಲ್ಲ. ಆದರೆ ಅಂದಿನಿಂದ ಮಧ್ಯಾಹ್ನದ ಜೊಂಪಿನಲ್ಲಿ ಧ್ವನಿ ಕೇಳಿದಾಗಲೆಲ್ಲ, ಅದು ಯಾವ ಬೀದಿಯಲ್ಲಿದೆ, ಕಾಕು ಈಗ ಯಾವ ಗಾಡಿಯ ಪಕ್ಕ ನಿಂತಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಗಂಡ ಮನೆಯಲ್ಲಿ ಮುಂದೆಯೇ ಕೂತು ಉಣ್ಣುವವನು. ಅವನ ಧ್ವನಿ ಕೇಳಬೇಕೆಂದರೆ ಇನ್ನೊಂದು ಓಣಿಗೆ ಹೋಗಬೇಕು. ಹೀಗೂ ಒಂದು ಸಂಸಾರ ಈ ಊರಲ್ಲಿ ನಡೆಯಿತು.

ಹೋದ ಚಳಿಗಾಲದಲ್ಲಿ ಕಾಕಾನಿಗೆ ಜ್ವರ ಬಂತು. ಆಟೋ ಹತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾ ಕುಡಿದು, ಕಾಕು ಹೇಳಿದ ಓಣಿಯ ಸುದ್ದಿಗೆಲ್ಲ ತಲೆ ಆಡಿಸಿ, ಗೋಡೆಗೆ ಒರಗಿದವರು ಹಾಗೆಯೇ ಹೋಗಿಬಿಟ್ಟರು. ನಾನು ಓಡಿ ಹೋದಾಗ ಕಾಕು ಚಹಾದ ಲೋಟವನ್ನು ಅವರ ಕೈಯಿಂದ ಬಿಡಿಸುತ್ತಿದ್ದರು. ಅಳುತ್ತಿರಲಿಲ್ಲ. “ಮಗಳಿಗೆ ಫೋನ್ ಹಚ್ಚವ್ವಾ” ಎಂದರು, ಅಷ್ಟೇ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ವಿಭೂತಿ ಹಚ್ಚಿ, ಬಿಳಿ ಶರ್ಟು ತೊಡಿಸಿ, ಹೂವಿನ ಹಾರ ಹಾಕಿ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದರು. ಓಣಿಯ ಹೆಂಗಸರು ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ಕಾಕು ಗಂಡನ ಪಕ್ಕದಲ್ಲಿ ಕೂತು ಹಾರದ ಮೇಲಿನ ಇರುವೆ ತೆಗೆಯುತ್ತಿದ್ದರು. ಕುಷ್ಟಗಿಯಿಂದ ಮಗಳು ಬಂದು ಮೈಮೇಲೆ ಬಿದ್ದು ಅತ್ತಳು. ಆಗಲೂ ಕಾಕು ಅಳಲಿಲ್ಲ. ಅಳಿಸಿರಿ, ಅಳದಿದ್ದರೆ ಎದೆಗೆ ಹಿಡಿಯುತ್ತದೆ ಎಂದು ಹಿರಿಯರು ನನಗೆ ಹೇಳಿದರು. ನಾನು ಹೇಗೆ ಅಳಿಸಲಿ?

ಆಗ ದೂರದಿಂದ ಧ್ವನಿ ಬಂತು. ಹನುಮಂತ ಬೆಳಿಗ್ಗೆ ಬೇಗನೆ ಮರಳಿಯ ಕಡೆ ಹೋಗಿದ್ದ, ಅವನ ಫೋನಿಗೆ ಎಷ್ಟು ಹಚ್ಚಿದರೂ ತಾಗಿರಲಿಲ್ಲ. ಅವನಿಗೆ ಏನೂ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನ ಕಡೆಯಿಂದ ಮಿಲ್ಲಿನ ಕಡೆಗೆ, ಅಲ್ಲಿಂದ ನಮ್ಮ ಕಡೆಗೆ ಕಾಕಾ ಬರುತ್ತಿದ್ದರು. ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಯಾರೋ ಗಂಡಸರು “ಓಡ್ರಿ, ಬಂದ್ ಮಾಡ್ಸರಿ” ಎಂದು ತಿರುವಿನ ಕಡೆ ಓಡಿದರು. ಅವರು ಮುಟ್ಟುವ ಮೊದಲೇ ಹನುಮಂತ ಬಾಗಿಲ ಮುಂದಿನ ಹೊಗೆ ನೋಡಿದ್ದ. ಧ್ವನಿ ನಡುಮಾತಿನಲ್ಲಿ ನಿಂತಿತು. ಅವನು ಆಟೋವನ್ನು ಮೆಲ್ಲಗೆ ತಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಇಳಿದ. ಕಟ್ಟೆಯ ಮೇಲೆ ಕೂತವರನ್ನು ನೋಡಿ ನೆಲದ ಮೇಲೆ ಕುಸಿದ.

“ಹನುಮಂತಾ” ಎಂದರು ಕಾಕು. ಕಾಕಾ ಹೋದ ಮೇಲೆ ಅವರು ಆಡಿದ ಎರಡನೆಯ ಮಾತು. “ಯಾಕ ಬಂದ್ ಮಾಡಿದಿ?”

ಅವನು ಅಳುತ್ತ ನೋಡಿದ.

“ಹಚ್ಚು.”

“ಯವ್ವಾ, ಬ್ಯಾಡ ಯವ್ವಾ. ಕಾಕಾ ಇಂಥಲ್ಲೆ ಎಂದೂ—”

“ಗೊತ್ತೈತಿ. ಹಚ್ಚು ನೀ.”

ಹಿರಿಯರು ಮುಖ ಮುಖ ನೋಡಿಕೊಂಡರು. ಹನುಮಂತ ನನ್ನ ಕಡೆ ನೋಡಿದ. ನಾನು ಹೂಂ ಎಂದೆ. ಅವನು ಹೋಗಿ ಬಟನ್ ಒತ್ತಿದ.

“ಆತ್ಮೀಯ ನಾಗರಿಕರೇ, ಅಕ್ಕಂದಿರೇ, ತಾಯಂದಿರೇ, ನಿಮ್ಮ ಊರಿಗೆ ಬಂದಿದೆ ಗೃಹೋಪಯೋಗಿ ವಸ್ತುಗಳ ಬೃಹತ್ ಮಾರಾಟ. ಸ್ಟೀಲ್ ಪಾತ್ರೆ, ಬೆಡ್‌ಶೀಟ್, ಚಾಪೆ, ಬಕೆಟ್. ಇಂದು ಮತ್ತು ನಾಳೆ ಮಾತ್ರ.”

ಕಾಕಾ ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದರು. ಅವರ ಧ್ವನಿ ಅವರ ಮನೆಯ ಮುಂದೆ ಮೊದಲ ಸಲ ಮಾತಾಡುತ್ತಿತ್ತು. ಮಾತು ಮುಗಿಯಿತು, ಪೆನ್‌ಡ್ರೈವ್ ಮತ್ತೆ ಮೊದಲಿನಿಂದ ಶುರು ಮಾಡಿತು, ಮತ್ತೆ ಮುಗಿಯಿತು, ಮತ್ತೆ ಶುರುವಾಯಿತು. ಕಾಕು ಗಂಡನ ಮುಖವನ್ನೇ ನೋಡುತ್ತ ಬಕೆಟ್ಟಿಗೂ ಚಾಪೆಗೂ ತಲೆ ಆಡಿಸುತ್ತಿದ್ದರು. ಎಷ್ಟು ಸಲ ಕೇಳಿದರೋ, ನಮಗೆ ಯಾರಿಗೂ ಸಾಕು ಎನ್ನುವ ಧೈರ್ಯ ಬರಲಿಲ್ಲ. ಕೊನೆಗೆ ಅವರೇ ಕೈ ಎತ್ತಿದರು.

“ಸಾಕ್ ಬಿಡೋ ಹನುಮಂತಾ. ಭಾಳ ದಣದಾರ ಅವ್ರು.”

ಹನುಮಂತ ಬಂದ್ ಮಾಡಿದ. ಆಮೇಲೆ ಕಾಕು ಅತ್ತರು.